ಬೇಸ್ ಗಿಟಾರ್‌ನ ಒಡಲಲ್ಲೊಂದು ಬ್ಯಾಟರಿ: ಜೋಡಿಸುವುದು ಹೇಗೆ, ಕೆಟ್ಟರೆ ಹುಡುಕುವುದು ಎಲ್ಲಿ?

ವೇದಿಕೆಯ ಮೇಲೆ ಗಾಯಕನ ಧ್ವನಿ ಕ್ಷಣಕಾಲ ಕೈಕೊಟ್ಟರೆ ಸಭಿಕರು ಕೂಡಲೇ ಗುರುತಿಸುತ್ತಾರೆ. ಬೇಸ್ ಗಿಟಾರ್ ಮೌನವಾದರೆ ಮಾತ್ರ ಏನಾಯಿತೆಂದು ಬಹುತೇಕರಿಗೆ ತಿಳಿಯುವುದೇ ಇಲ್ಲ. ಹಾಡು ಬುಡ ಕಳಚಿದಂತೆ ಟೊಳ್ಳಾಗುತ್ತದೆ, ಅಷ್ಟೆ. ಇಂತಹ ಮೌನಕ್ಕೆ ಬಹಳಷ್ಟು ಸಲ ಕಾರಣವಾಗುವುದು ವಾದ್ಯದ ಬೆನ್ನಿನಲ್ಲಿ ಅಡಗಿರುವ 9 ವೋಲ್ಟ್‌ನ ಪುಟ್ಟ ಬ್ಯಾಟರಿ, ಇಲ್ಲವೇ ಅದಕ್ಕೆ ಸೇರಿದ ಒಂದು ವೈರ್.

ಎಲ್ಲ ಬೇಸ್ ಗಿಟಾರ್‌ಗಳಿಗೂ ಬ್ಯಾಟರಿ ಬೇಕಿಲ್ಲ. 1951ರಲ್ಲಿ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಲ್ಲಾಗಲಿ, 1960ರಲ್ಲಿ ಬಂದ ಜಾಝ್ ಬೇಸ್‌ನಲ್ಲಾಗಲಿ ಅದು ಇರಲಿಲ್ಲ. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸುತ್ತದೆ. ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಪಿಕಪ್ ಎಂದು ಕರೆಯಲಾಗುವ ಈ ಸುರುಳಿಯಿಂದ ಹೊರಟ ಸಂಕೇತ ಎರಡು ಮೂರು ಗುಂಡಿಗಳನ್ನು ದಾಟಿ, ಕೇಬಲ್ ಹಿಡಿದು ಆಂಪ್ಲಿಫೈಯರ್ ಸೇರುತ್ತದೆ. ಇದು ಪ್ಯಾಸಿವ್ ಪದ್ಧತಿ.

ಈ ಸರಳತೆಗೆ ತೆರಬೇಕಾದ ಬೆಲೆಯೂ ಇದೆ. ಸಾವಿರಾರು ಸುತ್ತುಗಳ ಸುರುಳಿಯಿಂದ ಹೊರಬರುವ ಸಂಕೇತ ದುರ್ಬಲ. ಸಾಮಾನ್ಯ ಗಿಟಾರ್ ಕೇಬಲ್ ಮೀಟರ್ ಒಂದಕ್ಕೆ ಸುಮಾರು 100 ಪಿಕೋಫ್ಯಾರಡ್‌ನಷ್ಟು ಕೆಪಾಸಿಟರ್‌ನಂತೆ ವರ್ತಿಸುತ್ತದೆ. ಆರು ಮೀಟರ್ ಉದ್ದದ ಕೇಬಲ್ ಸಿಕ್ಕಿಸಿದರೆ ನಾದದ ಮೇಲಿನ ಹೊಳಪು ಮಸುಕಾಗುತ್ತದೆ. ವಾಲ್ಯೂಮ್ ತಗ್ಗಿಸಿದರೆ ಮತ್ತಷ್ಟು ಮಸುಕು. ಇನ್ನು ಪ್ಯಾಸಿವ್ ವಾದ್ಯದ ಟೋನ್ ಗುಂಡಿ ಇದ್ದುದನ್ನು ಕಳೆಯಬಲ್ಲದೇ ಹೊರತು ಇಲ್ಲದ್ದನ್ನು ಕೂಡಿಸಲಾರದು.

ಆಕ್ಟಿವ್ ಪ್ರೀಆಂಪ್ ಎಂಬುದು ಈ ಕೊರತೆಗೆ ಕಂಡುಕೊಂಡ ಉತ್ತರ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಸರ್ಕಿಟ್ ವಾದ್ಯದೊಳಗೇ ಕುಳಿತು ಪಿಕಪ್‌ನ ಸಂಕೇತವನ್ನು ಮೊದಲು ಬಲಪಡಿಸಿ, ಆಮೇಲೆ ಕೇಬಲ್‌ಗೆ ಒಪ್ಪಿಸುತ್ತದೆ. ಆಗ ಕೇಬಲ್ ಎಷ್ಟೇ ಉದ್ದವಿದ್ದರೂ ನಾದ ಹೆಚ್ಚು ಬದಲಾಗದು. ಮಂದ್ರ, ಮಧ್ಯ, ತಾರ ಭಾಗಗಳನ್ನು ಪ್ರತ್ಯೇಕವಾಗಿ ಏರಿಸುವ, ಇಳಿಸುವ ಅನುಕೂಲವೂ ಸಿಗುತ್ತದೆ.

ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕ್‌ಗೆ

ಈ ಪ್ರಯೋಗಗಳಿಗೆ ಚಾಲನೆ ದೊರೆತದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ. 1969ರಲ್ಲಿ ಆರಂಭವಾದ ಅಲೆಂಬಿಕ್ ಸಂಸ್ಥೆಯ ರಾನ್ ವಿಕರ್‌ಶಾಮ್, ಗ್ರೇಟ್‌ಫುಲ್ ಡೆಡ್ ವಾದ್ಯವೃಂದದ ಬಳಗದಲ್ಲಿದ್ದುಕೊಂಡು ಗಿಟಾರ್‌ಗಳ ಒಳಗೆ ಎಲೆಕ್ಟ್ರಾನಿಕ್ಸ್ ಅಳವಡಿಸತೊಡಗಿದರು. ಅವು ಕೈಯಿಂದ ಮಾಡಿದ ದುಬಾರಿ ವಾದ್ಯಗಳು. ಸಾಮಾನ್ಯ ಸಂಗೀತಗಾರನ ಕೈಗೆ ಆಕ್ಟಿವ್ ಬೇಸ್ ಎಟುಕಿದ್ದು 1976ರಲ್ಲಿ, ಮ್ಯೂಸಿಕ್ ಮ್ಯಾನ್ ಕಂಪೆನಿಯ ಸ್ಟಿಂಗ್‌ರೇ ಬಂದಾಗ. ತಮ್ಮ ಹೆಸರಿನ ಕಂಪೆನಿಯನ್ನು 1965ರಲ್ಲಿ ಸಿಬಿಎಸ್‌ಗೆ ಮಾರಿದ್ದ ಲಿಯೋ ಫೆಂಡರ್ ಅವರೇ ಇದರ ಹಿಂದೆಯೂ ಇದ್ದರು. ಪ್ರೀಆಂಪ್ ರೂಪಿಸಿದವರು ಟಾಮ್ ವಾಕರ್. ಶಿಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್ ಅವರ ಕೈಯಲ್ಲಿ ಡಿಸ್ಕೋ ಯುಗ ಕೇಳಿದ್ದು ಇದೇ ವಾದ್ಯದ ನಾದವನ್ನು.

ಇದ್ದ ವಾದ್ಯಕ್ಕೇ ಪ್ರೀಆಂಪ್ ಕೂಡಿಸುವ ಪರಿಪಾಠಕ್ಕೆ ಹೆಸರು ತಂದವರು ನ್ಯೂಯಾರ್ಕ್‌ನ ಕುಶಲಕರ್ಮಿ ರೋಜರ್ ಸಡೌಸ್ಕಿ. ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸ್‌ಗೆ ಅವರು ಮಾಡಿದ ಮಾರ್ಪಾಡು ಬೇಸ್ ವಾದಕರ ನಡುವೆ ಇಂದಿಗೂ ಮಾತಾಗುತ್ತದೆ. ಬಾರ್ಟೊಲಿನಿ, ಅಗ್ವಿಲಾರ್, ಇಎಂಜಿ, ಜರ್ಮನಿಯ ಗ್ಲೋಕನ್‌ಕ್ಲಾಂಗ್, ಇಂಗ್ಲೆಂಡಿನ ಜಾನ್ ಈಸ್ಟ್ ಹೀಗೆ ಬಿಡಿ ಪ್ರೀಆಂಪ್ ತಯಾರಿಸುವವರ ಪಟ್ಟಿ ಈಗ ಉದ್ದವಿದೆ.

ಹಾಗೆಂದು ಆಕ್ಟಿವ್ ಎಂದರೆ ಶ್ರೇಷ್ಠ, ಪ್ಯಾಸಿವ್ ಎಂದರೆ ಹಳತು ಎಂದು ತೀರ್ಮಾನಿಸುವುದು ಸರಿಯಲ್ಲ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ನೆಚ್ಚಿಕೊಂಡಿರುವುದು ಬ್ಯಾಟರಿಯಿಲ್ಲದ ಪ್ರಿಸಿಷನ್ ಬೇಸ್ ಅನ್ನೇ.

ಮರ ಕೊರೆಯುವ ಮುನ್ನ

ಪ್ಯಾಸಿವ್ ಜಾಝ್ ಬೇಸ್ ಒಂದಕ್ಕೆ ಪ್ರೀಆಂಪ್ ಜೋಡಿಸುವುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೊದಲ ಪ್ರಶ್ನೆ ಜಾಗದ್ದು. ವಾಲ್ಯೂಮ್ ಗುಂಡಿಗಳ ಲೋಹದ ಫಲಕದ ಕೆಳಗಿನ ಕುಳಿ ಇಕ್ಕಟ್ಟಾಗಿರುತ್ತದೆ. ಸರ್ಕಿಟ್ ಹೇಗೋ ಹಿಡಿಸಿದರೂ ಬ್ಯಾಟರಿಗೆ ಸ್ಥಳವಿರುವುದಿಲ್ಲ. ಹಿಂಬದಿಯ ಮರ ಕೊರೆದು ಬ್ಯಾಟರಿ ಪೆಟ್ಟಿಗೆ ಕೂರಿಸುವುದು ರೂಢಿಯಲ್ಲಿರುವ ಮಾರ್ಗ. ಇತ್ತೀಚಿನ ಅಗ್ಗದ ವಾದ್ಯವಾದರೆ ಚಿಂತೆಯಿಲ್ಲ. ಆದರೆ 1960 ಅಥವಾ 70ರ ದಶಕದ ವಾದ್ಯ ಕೈಯಲ್ಲಿದ್ದರೆ, ಹಾಗೆ ಕೊರೆದ ಮರ ಮತ್ತೆ ಮೊದಲಿನಂತಾಗದು. ಸಂಗ್ರಾಹಕರು ಕುಳಿಯನ್ನಷ್ಟೇ ಅಲ್ಲ, ಮೂಲ ಬೆಸುಗೆ ಕದಲಿದೆಯೇ ಎಂಬುದನ್ನೂ ನೋಡಿ ಬೆಲೆ ಕಟ್ಟುತ್ತಾರೆ. ಅಂತಹ ವಾದ್ಯಕ್ಕೆ ಹೊರಗೆ ಇರಿಸುವ ಪ್ರೀಆಂಪ್ ಪೆಡಲ್ ಕೊಳ್ಳುವುದೇ ವಿವೇಕ. ಯಾವ ವಾದ್ಯವಾದರೂ ಸರಿಯೆ, ಕಳಚಿದ ಹಳೆಯ ಗುಂಡಿ, ವೈರ್‌ಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಜೋಪಾನವಾಗಿಡಬೇಕು. ಬಿಚ್ಚುವ ಮೊದಲು ಒಂದು ಛಾಯಾಚಿತ್ರವನ್ನೂ ತೆಗೆದುಕೊಳ್ಳಬೇಕು.

ಎರಡನೆಯದು ಗುಂಡಿಗಳ ಮೌಲ್ಯ. ಪ್ಯಾಸಿವ್ ಪಿಕಪ್‌ಗಳ ಸಂಕೇತ ಪ್ರೀಆಂಪ್‌ಗೆ ಮುನ್ನ ದಾಟುವ ಪಾಟ್‌ಗಳು 250 ಅಥವಾ 500 ಕಿಲೋ ಓಮ್‌ನವಾಗಿರಬೇಕು. ಇಎಂಜಿಯಂತಹ ಆಕ್ಟಿವ್ ಪಿಕಪ್‌ಗಳ ಜತೆ ಬರುವ 25 ಕಿಲೋ ಓಮ್ ಪಾಟ್ ಅನ್ನು ಪ್ಯಾಸಿವ್ ಪಿಕಪ್‌ಗೆ ಜೋಡಿಸಿದರೆ ನಾದ ಕಂಬಳಿ ಹೊದ್ದಂತೆ ಕೇಳಿಸುತ್ತದೆ. ಪ್ರೀಆಂಪ್ ಬಳಿಕ ಬರುವ ವಾಲ್ಯೂಮ್‌ಗೆ ಮಾತ್ರ ಕಡಿಮೆ ಮೌಲ್ಯದ ಪಾಟ್ ಸರಿ. ‘ಹೊಸ ಪ್ರೀಆಂಪ್ ಹಾಕಿದರೂ ಸತ್ವವಿಲ್ಲ’ ಎಂಬ ದೂರು ಕೇಳಿಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಬೆಸುಗೆ ಕೆಲಸಕ್ಕೆ ರಾಳವುಳ್ಳ ಎಲೆಕ್ಟ್ರಾನಿಕ್ಸ್ ಸೀಸವೇ ಆಗಬೇಕು. ಆಮ್ಲ ಬೆರೆತ ಪೇಸ್ಟ್ ಕಾಲಕ್ರಮದಲ್ಲಿ ವೈರ್‌ಗಳನ್ನೇ ತಿನ್ನುತ್ತದೆ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 25 ವ್ಯಾಟ್ ಬೆಸುಗೆ ಕಡ್ಡಿ ಪಾಟ್‌ನ ಸಣ್ಣ ಕಾಲುಗಳಿಗೆ ಸಾಕು. ಪಾಟ್‌ನ ಬೆನ್ನಿಗೆ ಭೂವೈರ್ ಬೆಸೆಯುವಾಗ ಅದು ಏದುಸಿರು ಬಿಡುತ್ತದೆ. ಲೋಹದ ಕವಚ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಕಡ್ಡಿಯನ್ನು ನಿಮಿಷಗಟ್ಟಲೆ ಒತ್ತಿ ಹಿಡಿದರೆ ಒಳಗಿನ ಕಾರ್ಬನ್ ಪಟ್ಟಿ ಸುಡುವ ಅಪಾಯವಿದೆ. ಹೆಚ್ಚು ಶಕ್ತಿಯ ಕಡ್ಡಿ ಬಳಸಿ, ಮೇಲ್ಮೈ ತುಸು ಉಜ್ಜಿ, ಎರಡು ಮೂರು ಸೆಕೆಂಡಿನಲ್ಲಿ ಮುಗಿಸುವುದು ಮೇಲು. ಬೆಸೆಯುವಾಗ ಬ್ಯಾಟರಿ ಕಳಚಿರಬೇಕು.

ವೈರ್‌ಗಳ ಬಣ್ಣ ಕಂಪೆನಿಯಿಂದ ಕಂಪೆನಿಗೆ ಬೇರೆ. ಒಬ್ಬರ ಬಿಳಿ ಇನ್ನೊಬ್ಬರ ಹಸಿರು. ನಕ್ಷೆ ನೋಡದೆ ಅಂದಾಜಿನಲ್ಲಿ ಕೈಯಾಡಿಸುವುದು ತರವಲ್ಲ. ಎಲ್ಲವನ್ನೂ ವಾದ್ಯದೊಳಗೆ ತುರುಕುವ ಮೊದಲು ಮೇಜಿನ ಮೇಲೆಯೇ ಕ್ಲಿಪ್‌ಗಳಿಂದ ಜೋಡಿಸಿ, ಕಡಿಮೆ ವಾಲ್ಯೂಮ್‌ನಲ್ಲಿ ಆಂಪ್ಲಿಫೈಯರ್ ಹಚ್ಚಿ, ಪಿಕಪ್ ಮೇಲೆ ಸ್ಕ್ರೂಡ್ರೈವರ್‌ನಿಂದ ಮೆಲ್ಲನೆ ತಟ್ಟಿ ನೋಡಬೇಕು. ಟಕ್ ಎಂಬ ಸದ್ದು ಬಂದರೆ ಆ ಪಿಕಪ್ ಜೀವಂತ.

ಎಲ್ಲದರ ಕೀಲಿಕೈ: ಜಾಕ್

ಆಕ್ಟಿವ್ ಬೇಸ್‌ಗೆ ಪ್ರತ್ಯೇಕ ಆನ್-ಆಫ್ ಸ್ವಿಚ್ ಇರುವುದು ಅಪರೂಪ. ಹಾಗಾದರೆ ಬ್ಯಾಟರಿ ಚಾಲೂ ಆಗುವುದು ಹೇಗೆ? ಇಲ್ಲಿಯೇ ಒಂದು ಜಾಣ ಉಪಾಯವಿದೆ. ಕೇಬಲ್ ಸಿಕ್ಕಿಸುವ ಮೋನೋ ಜಾಕ್ ತೆಗೆದು ಸ್ಟೀರಿಯೋ ಜಾಕ್ ಹಾಕಲಾಗುತ್ತದೆ. ಸ್ಟೀರಿಯೋ ಜಾಕ್‌ಗೆ ಮೂರು ಸಂಪರ್ಕಗಳು: ತುದಿ, ನಡುಬಳೆ, ಹೊರತೋಳು. ಸಂಕೇತ ತುದಿಗೆ, ಭೂವೈರ್ ಹೊರತೋಳಿಗೆ, ಬ್ಯಾಟರಿಯ ಕಪ್ಪು ವೈರ್ ನಡುಬಳೆಗೆ. ಕೆಂಪು ವೈರ್ ನೇರವಾಗಿ ಪ್ರೀಆಂಪ್‌ಗೆ ಹೋಗುತ್ತದೆ. ಕೇಬಲ್ ಇಲ್ಲದಾಗ ನಡುಬಳೆ ಯಾವುದಕ್ಕೂ ತಾಗದೆ ಒಂಟಿಯಾಗಿರುತ್ತದೆ, ವಿದ್ಯುತ್ ಹರಿಯುವುದಿಲ್ಲ. ಸಾಧಾರಣ ಮೋನೋ ಪ್ಲಗ್ ಒಳಹೊಕ್ಕಾಗ ಅದರ ಉದ್ದನೆಯ ತೋಳು ನಡುಬಳೆಯನ್ನೂ ಹೊರತೋಳನ್ನೂ ಒಟ್ಟಿಗೆ ಮುಟ್ಟುತ್ತದೆ. ಸರ್ಕಿಟ್ ಪೂರ್ಣವಾಯಿತು.

ಈ ಒಂದು ಏರ್ಪಾಡು ಅರ್ಥವಾದರೆ ಅರ್ಧದಷ್ಟು ದೋಷಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಕೇಬಲ್ ಸಿಕ್ಕಿಸಿದರೂ ಸದ್ದಿಲ್ಲವೇ? ಯಾರೋ ಅವಸರದಲ್ಲಿ ಸ್ಟೀರಿಯೋ ಕೇಬಲ್ ಕೊಟ್ಟಿರಬಹುದು. ಅದರ ಪ್ಲಗ್‌ನಲ್ಲಿ ನಡುಬಳೆ ಬೇರೆಯೇ ಆಗಿರುವುದರಿಂದ ಬ್ಯಾಟರಿ ಎಚ್ಚರಗೊಳ್ಳದು. ಕೇಬಲ್ ಅಲುಗಿಸಿದಾಗ ಸದ್ದು ಬಂದು ಹೋಗುತ್ತದೆಯೇ? ನಡುಬಳೆಯ ಸ್ಪ್ರಿಂಗ್ ಪಟ್ಟಿ ಬಾಗಿರುತ್ತದೆ, ಇಲ್ಲವೇ ಕರಾವಳಿಯ ತೇವಾಂಶಕ್ಕೆ ಕಿಲುಬು ಹಿಡಿದಿರುತ್ತದೆ. ಜಾಕ್‌ನ ಹೊರಗಿನ ನಟ್ ಸಡಿಲಗೊಂಡು ಇಡೀ ಜಾಕ್ ತಿರುಗುತ್ತಿದ್ದರೆ ಬೆಸುಗೆ ಬಿಟ್ಟುಹೋಗುವುದು ಇಂದೋ ನಾಳೆಯೋ ಎಂಬ ಮಾತು.

ಹೊಸ ಬ್ಯಾಟರಿ ಹಾಕಿದ ಮರುದಿನವೇ ಸತ್ತರೆ? ಕೇಬಲ್ ಕೀಳುವುದನ್ನು ಮರೆತದ್ದೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಅದು ಅಷ್ಟು ಸರಿಯಲ್ಲ. ಒಂದು ಆಲ್ಕಲೈನ್ 9 ವೋಲ್ಟ್ ಬ್ಯಾಟರಿಯ ಸಾಮರ್ಥ್ಯ ಸುಮಾರು 500 ಮಿಲಿಆಂಪ್ ಗಂಟೆ. ಮಿತಬಳಕೆಯ ಟಿಎಲ್062 ಐಸಿ ಒಂದಿರುವ ಪ್ರೀಆಂಪ್ ಹೀರುವುದು ಅರ್ಧ ಮಿಲಿಆಂಪ್‌ಗಿಂತ ಕಡಿಮೆ. ಆ ಲೆಕ್ಕದಲ್ಲಿ ಸಾವಿರ ಗಂಟೆ ಮೀರಿ ಬಾಳಿಕೆ. ಟಿಎಲ್072 ಇದ್ದರೆ ಮೂರು ಮಿಲಿಆಂಪ್‌ನ ಆಸುಪಾಸು. ಆಗಲೂ ಒಂದು ವಾರ ಹಗಲಿರುಳು ಓಡಬೇಕು. ಒಂದೇ ರಾತ್ರಿಯಲ್ಲಿ ಬ್ಯಾಟರಿ ಬರಿದಾದರೆ ಎಲ್ಲೋ ಶಾರ್ಟ್ ಇದೆ ಎಂದೇ ಅರ್ಥ.

ಇನ್ನೊಂದು ಬಗೆಯದು ನಿಧಾನವಾದ ಸೋರಿಕೆ: ಕೇಬಲ್ ಕಿತ್ತಿಟ್ಟಿದ್ದರೂ ವಾರ ಎರಡು ವಾರದಲ್ಲಿ ಬ್ಯಾಟರಿ ಮುಗಿಯುತ್ತದೆ. ಹೆಚ್ಚಾಗಿ ಅಪರಾಧಿ, ಸದ್ದು ತಡೆಯಲೆಂದು ಕುಳಿಯ ಒಳಗೋಡೆಗೆ ಅಂಟಿಸಿದ ತಾಮ್ರದ ಹಾಳೆ. ಇಕ್ಕಟ್ಟಿನಲ್ಲಿ ಜಾಕ್‌ನ ನಡುಬಳೆಯ ಕಾಲು ಆ ಹಾಳೆಗೆ ತಾಗಿರುತ್ತದೆ. ಹಾಳೆಗೆ ಭೂವೈರ್ ಸೇರಿರುವುದರಿಂದ ಪ್ರೀಆಂಪ್ ಸದಾ ಎಚ್ಚರವಾಗಿಯೇ ಇರುತ್ತದೆ. ಪತ್ತೆಗೆ ಬ್ಯಾಟರಿಯ ಒಂದು ಕ್ಲಿಪ್ ಬಿಡಿಸಿ, ಮಲ್ಟಿಮೀಟರ್ ಅನ್ನು ಮಿಲಿಆಂಪ್ ಅಳತೆಗೆ ತಿರುಗಿಸಿ ನಡುವೆ ಇಡಬೇಕು. ಕೇಬಲ್ ಇಲ್ಲದಾಗ ಮೀಟರ್ ಸೊನ್ನೆಯನ್ನೇ ತೋರಬೇಕು. ಆ ಕಾಲಿನ ಸುತ್ತ ಒಂದು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿದರೆ ರೋಗ ವಾಸಿ.

ಲಕ್ಷಣ ನೋಡಿ ರೋಗ

ಬಲವಾಗಿ ಮೀಟಿದ ಸ್ವರಗಳು ಒಡೆದು ಕೇಳಿಸತೊಡಗಿ, ಮೆಲ್ಲಗೆ ಮೀಟಿದವು ಸರಿಯಾಗಿಯೇ ಇದ್ದರೆ ಅದು ಬ್ಯಾಟರಿಯ ಕೊನೆಗಾಲ. ಹೊಸ ಆಲ್ಕಲೈನ್ ಬ್ಯಾಟರಿ ಒಂಬತ್ತೂವರೆ ವೋಲ್ಟ್ ಆಸುಪಾಸು ತೋರುತ್ತದೆ. ಏಳಕ್ಕಿಂತ ಕೆಳಗಿಳಿದರೆ ಬದಲಾಯಿಸಬೇಕು. ಹೊಸದಾಗಿ ಹಾಕಿದ್ದೂ ಒಡೆದರೆ ಪಿಕಪ್ ತಂತಿಗೆ ತೀರ ಸಮೀಪದಲ್ಲಿರಬಹುದು. ಸ್ಕ್ರೂ ತಿರುಗಿಸಿ ಇಳಿಸಿದರೆ ಸಾಕು. ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 18 ವೋಲ್ಟ್ ಕೊಡುವ ಪದ್ಧತಿಯೂ ಇದೆ. ಒಡೆಯದೆ ತಾಳುವ ಮಿತಿ ಇಮ್ಮಡಿಯಾಗುತ್ತದೆ. ಆದರೆ ತಯಾರಕರು 18 ವೋಲ್ಟ್‌ಗೆ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ. ಐಸಿ ತಡೆದುಕೊಂಡರೂ 16 ವೋಲ್ಟ್‌ನ ಕೆಪಾಸಿಟರ್‌ಗಳು ತಡೆದುಕೊಳ್ಳುತ್ತವೆ ಎನ್ನಲಾಗದು. ಅಗ್ಗದ ಜಿಂಕ್-ಕಾರ್ಬನ್ ಬ್ಯಾಟರಿಯನ್ನು ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಅದು ಸೋರಿ ಕ್ಲಿಪ್ಪನ್ನು ತಿಂದುಹಾಕುತ್ತದೆ ಎಂಬುದೂ ನೆನಪಿರಲಿ.

ಗುಂಡಿ ತಿರುಗಿಸಿದಾಗ ಕರಕರ ಸದ್ದು ಬಂದರೆ ಧೂಳು ಕುಳಿತಿದೆ ಎಂದು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸುವುದು ವಾಡಿಕೆ. ಹಳೆಯ ಪಾಟ್‌ಗೆ ಅದು ಸರಿ. ಹೊಚ್ಚಹೊಸ ಪಾಟ್ ಕರಕರ ಎಂದರೆ ಮಾತ್ರ ಬೇರೆ ಅನುಮಾನ ಮೂಡಬೇಕು. ಪ್ರೀಆಂಪ್‌ನ ಹೊರದಾರಿಯಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಸಂಕೇತವನ್ನು ಬಿಟ್ಟು ಬ್ಯಾಟರಿಯ ನೇರ ವೋಲ್ಟೇಜನ್ನು ತಡೆಯುವುದು ಅದರ ಕೆಲಸ. ಅದು ಸೋರಿದರೆ ನೇರ ವೋಲ್ಟೇಜ್ ಪಾಟ್ ಮೇಲೆ ಬಂದು ಕೂರುತ್ತದೆ, ಗುಂಡಿ ತಿರುಗಿದಂತೆಲ್ಲ ಕರಕರ ಎನ್ನುತ್ತದೆ. ಎಷ್ಟು ಪಾಟ್ ಬದಲಿಸಿದರೂ ಹಣ ದಂಡ. ಕೇಬಲ್‌ನ ಮತ್ತೊಂದು ಕೊನೆಯಲ್ಲಿ ತುದಿಗೂ ತೋಳಿಗೂ ಮೀಟರ್ ಹಿಡಿದರೆ ಕೆಲ ಕ್ಷಣಗಳ ಬಳಿಕ ಸೊನ್ನೆಯ ಸಮೀಪ ನಿಲ್ಲಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿದರೆ ಕಳ್ಳ ಸಿಕ್ಕಂತೆಯೇ.

ಬ್ಯಾಟರಿ ಸರಿ, ಜಾಕ್ ಸರಿ, ಆದರೂ ಸದ್ದು ಕ್ಷೀಣ ಅಥವಾ ಒಡಕು ಎಂದಾದರೆ ಸರ್ಕಿಟ್‌ನ ಮಧ್ಯಬಿಂದು ನೋಡಬೇಕು. ಒಂದೇ ಬ್ಯಾಟರಿಯಿಂದ ನಡೆಯುವ ಇಂತಹ ಬಹುತೇಕ ಸರ್ಕಿಟ್‌ಗಳು 9 ವೋಲ್ಟನ್ನು ಎರಡು ರೆಸಿಸ್ಟರ್‌ಗಳಿಂದ ಸಮನಾಗಿ ಹಂಚಿ ನಾಲ್ಕೂವರೆ ವೋಲ್ಟ್‌ನ ನೆಲೆಯಲ್ಲಿ ಐಸಿಯನ್ನು ನಿಲ್ಲಿಸುತ್ತವೆ. ಸಂಕೇತ ಮೇಲೆ ಕೆಳಗೆ ಸಮನಾಗಿ ತೂಗಲು ಈ ನೆಲೆ ಬೇಕು. ಐಸಿಯ ಹೊರಕಾಲಿನಲ್ಲಿ ಪೂರ್ತಿ 9 ಅಥವಾ ಸೊನ್ನೆ ಕಂಡುಬಂದರೆ ಐಸಿ ಸತ್ತಿದೆ, ಇಲ್ಲವೇ ಆ ಹಂಚಿಕೆ ಕೆಟ್ಟಿದೆ. ಕತ್ತಲಲ್ಲಿ ಬ್ಯಾಟರಿಯನ್ನು ತಿರುಗಮುರುಗ ತಾಗಿಸಿದ ಒಂದು ಕ್ಷಣ ಸಾಕು, ರಕ್ಷಣಾ ಡಯೋಡ್ ಇಲ್ಲದ ಐಸಿಯ ಕಥೆ ಮುಗಿಯಲು.

ಎರಡೂ ಪಿಕಪ್ ಒಟ್ಟಿಗೆ ಹಚ್ಚಿದಾಗ ಮಂದ್ರವೆಲ್ಲ ಮಾಯವಾಗಿ ಮೂಗಿನಲ್ಲಿ ಹಾಡಿದಂತೆ ಕೇಳಿದರೆ ಪ್ರೀಆಂಪ್ ನಿರಪರಾಧಿ. ಒಂದು ಪಿಕಪ್‌ನ ಎರಡು ವೈರ್‌ಗಳು ಅದಲುಬದಲಾಗಿವೆ. ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತಿದೆ.

ಗುಂಯ್‌ಗುಡುವ 50 ಹರ್ಟ್ಸ್

ಭಾರತದ ಮನೆವಿದ್ಯುತ್ 50 ಹರ್ಟ್ಸ್‌ನದು. ಬೇಸ್‌ನ ದಪ್ಪ ತಂತಿ ಖಾಲಿ ಮೀಟಿದರೆ 41.2 ಹರ್ಟ್ಸ್, ಅದರ ಮೂರನೆಯ ಮನೆಯ ಜಿ ಸ್ವರ 49 ಹರ್ಟ್ಸ್. ಅಂದರೆ ವಿದ್ಯುತ್ತಿನ ಗುಂಯ್ ಸದ್ದು ಸರಿಯಾಗಿ ವಾದ್ಯದ ಸ್ವರಗಳ ಮಧ್ಯೆಯೇ ಬಂದು ಕೂರುತ್ತದೆ. ಪ್ರೀಆಂಪ್‌ನ ಮಂದ್ರ ಗುಂಡಿ ಇಳಿಸಿ ಅದನ್ನು ಓಡಿಸ ಹೊರಟರೆ ಸಂಗೀತವೂ ಜತೆಗೇ ಹೋಗುತ್ತದೆ. ಮೂಲದಲ್ಲೇ ತಡೆಯಬೇಕು.

ಬರಿಗೈಯಿಂದ ತಂತಿ ಮುಟ್ಟಿ ನೋಡುವುದು ಸರಳ ಪರೀಕ್ಷೆ. ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಭೂವೈರ್ ಸರಿಯಿದೆ, ಕುಳಿಗೆ ತಾಮ್ರದ ಹೊದಿಕೆ ಸಾಲದು. ಮುಟ್ಟಿದರೂ ಬಿಟ್ಟರೂ ಒಂದೇ ಎಂದಾದರೆ ತಂತಿಗಳನ್ನು ಹಿಡಿದಿರುವ ಬ್ರಿಜ್ ಅಡಿಯ ವೈರ್ ತುಂಡಾಗಿರಬಹುದು. ಕೆಲವು ಆಕ್ಟಿವ್ ಪಿಕಪ್‌ಗಳಲ್ಲಿ ಆ ವೈರನ್ನು ಬೇಕೆಂದೇ ಬಿಟ್ಟಿರುತ್ತಾರೆ. ಜಾಝ್ ಬೇಸ್‌ನ ಎರಡು ಪಿಕಪ್‌ಗಳು ಪರಸ್ಪರ ವಿರುದ್ಧವಾಗಿ ಸುತ್ತಿದವು. ಎರಡನ್ನೂ ಸಮನಾಗಿ ಹಚ್ಚಿದಾಗ ಗುಂಯ್ ತಾನೇ ಅಳಿಯುತ್ತದೆ, ಒಂದನ್ನು ತಗ್ಗಿಸಿದರೆ ಮರಳುತ್ತದೆ. ಅದು ದೋಷವಲ್ಲ, ಆ ವಾದ್ಯದ ಹುಟ್ಟುಗುಣ.

ಮುಟ್ಟಿದಾಗ ಚುರುಕ್ಕೆಂದರೆ ಮಾತ್ರ ವಿಷಯ ಬೇರೆ. 9 ವೋಲ್ಟ್ ಬ್ಯಾಟರಿಯಿಂದ ಯಾರಿಗೂ ಅಪಾಯವಿಲ್ಲ. ಆದರೆ ಬ್ರಿಜ್‌ಗೆ ಸೇರಿದ ಭೂವೈರ್, ಕೇಬಲ್ ಮೂಲಕ ಆಂಪ್ಲಿಫೈಯರ್‌ನ ಲೋಹದ ಚೌಕಟ್ಟಿಗೆ ಸಂಪರ್ಕ ಕಲ್ಪಿಸಿರುತ್ತದೆ. ಪೆಂಡಾಲ್‌ನ ಅರ್ಥಿಂಗ್ ಕೆಟ್ಟಿದ್ದರೆ, ಅಥವಾ ಗುಂಯ್ ತಪ್ಪಿಸಲೆಂದು ಮೂರು ಪಿನ್‌ನ ಪ್ಲಗ್‌ನಿಂದ ಅರ್ಥ್ ಪಿನ್ ಕಿತ್ತಿದ್ದರೆ, ಒಂದು ಕೈ ತಂತಿಯ ಮೇಲೆ, ತುಟಿ ಮೈಕ್ ಮೇಲೆ ಇರುವ ವಾದಕನ ದೇಹವೇ ವಿದ್ಯುತ್ತಿಗೆ ದಾರಿಯಾಗುತ್ತದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯ ವೇದಿಕೆಯ ಮೇಲೆ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಸತ್ತದ್ದು ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ. ಮಲ್ಟಿಮೀಟರ್ ಅನ್ನು ಎಸಿ ವೋಲ್ಟ್‌ಗೆ ತಿರುಗಿಸಿ ತಂತಿಗೂ ಮೈಕ್‌ನ ಜಾಲರಿಗೂ ಹಿಡಿದರೆ ಹತ್ತು ಸೆಕೆಂಡಿನಲ್ಲಿ ತಿಳಿಯುತ್ತದೆ. ಕೆಲವೇ ವೋಲ್ಟ್ ಮೀರಿ ತೋರಿದರೂ ವಾದ್ಯ ಕೆಳಗಿಟ್ಟು ಎಲೆಕ್ಟ್ರಿಷಿಯನ್‌ನನ್ನು ಕರೆಯಬೇಕು. ಕಾರ್ಯಕ್ರಮ ತಡವಾದರೆ ಆಗಲಿ.

ಗುಂಡಿ ಕೈಗೆ ಬಂದ ಮೇಲೆ

ಹೊಸ ಪ್ರೀಆಂಪ್ ಹಾಕಿಸಿಕೊಂಡವರು ಮೊದಲ ದಿನ ಎಲ್ಲ ಗುಂಡಿಗಳನ್ನೂ ಪೂರ್ತಿ ಏರಿಸುತ್ತಾರೆ. 12 ಡೆಸಿಬೆಲ್ ಏರಿಕೆ ಎಂದರೆ ವೋಲ್ಟೇಜ್ ನಾಲ್ಕು ಪಟ್ಟು, ಆಂಪ್ಲಿಫೈಯರ್‌ನಿಂದ ಕೇಳುವ ಶಕ್ತಿ ಹದಿನಾರು ಪಟ್ಟು. 20 ವ್ಯಾಟ್‌ನಲ್ಲಿ ಹಾಯಾಗಿ ನುಡಿಯುತ್ತಿದ್ದ ಮಂದ್ರ ಸ್ವರಕ್ಕೆ ಏಕಾಏಕಿ 320 ವ್ಯಾಟ್ ಬೇಕಾಗುತ್ತದೆ. ಸಣ್ಣ ಸ್ಪೀಕರ್ ಅದನ್ನು ಕೊಡಲಾರದು. ಕಾಗದದ ಶಂಕು ಪಟಪಟ ಬಡಿಯುತ್ತದೆ. ತಂಡದ ನಡುವೆ ಬೇಸ್ ಎದ್ದು ಕೇಳಬೇಕಾದರೆ ಏರಿಸಬೇಕಾದದ್ದು ಹಲವು ವೇಳೆ ಮಂದ್ರವನ್ನಲ್ಲ, 400ರಿಂದ 800 ಹರ್ಟ್ಸ್‌ನ ಮಧ್ಯ ಭಾಗವನ್ನು. ತಾರದ ಗುಂಡಿ ಏರಿಸಿದಾಗ ಕೇಳುವ ಸುಯ್ ಸದ್ದು ಸಹಜವೇ. ಅದಕ್ಕಾಗಿ ಯಾರ ಬಳಿಯೂ ರಿಪೇರಿಗೆ ಒಯ್ಯಬೇಕಿಲ್ಲ.

ಜೋಡಣೆಯ ವೇಳೆ ಹಟ ಹಿಡಿದು ಕೇಳಬೇಕಾದ ಒಂದು ಸವಲತ್ತೆಂದರೆ ಬೈಪಾಸ್ ಸ್ವಿಚ್. ಅದನ್ನು ಎಳೆದರೆ ಪಿಕಪ್‌ನ ಸಂಕೇತ ಪ್ರೀಆಂಪ್ ಬಿಟ್ಟು ನೇರ ಜಾಕ್‌ಗೆ ಹೋಗುತ್ತದೆ. ಬ್ಯಾಟರಿ ಸತ್ತರೂ ಹಾಡು ನಿಲ್ಲದು. ದೋಷ ಹುಡುಕುವಾಗಲೂ ಅದೇ ಮೊದಲ ದಿಕ್ಸೂಚಿ: ಬೈಪಾಸ್‌ನಲ್ಲಿ ಸದ್ದಿದ್ದರೆ ತಪ್ಪು ಪ್ರೀಆಂಪ್ ಅಥವಾ ಬ್ಯಾಟರಿಯದು, ಅಲ್ಲೂ ಇಲ್ಲದಿದ್ದರೆ ಪಿಕಪ್, ಪಾಟ್, ಜಾಕ್ ಕಡೆ ನೋಡಬೇಕು. ಸ್ಟಿಂಗ್‌ರೇಯಂತಹ ಹೆಸರಾಂತ ವಾದ್ಯದಲ್ಲೇ ಇದು ಇಲ್ಲ. ಅದನ್ನು ನುಡಿಸುವವರ ಚೀಲದಲ್ಲಿ ಸದಾ ಒಂದು ಹೊಸ ಬ್ಯಾಟರಿಯೂ ಸ್ಕ್ರೂಡ್ರೈವರ್ರೂ ಇರಲೇಬೇಕು.

ಸ್ಟೀರಿಯೋ ಜಾಕ್, ಪಾಟ್, ಕ್ಲಿಪ್, ಟಿಎಲ್062 ಐಸಿ ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಿದರೆ ದೊರೆಯುವಂಥವು. ಆದರೆ ಕೆಲವು ತಯಾರಕರು ಇಡೀ ಸರ್ಕಿಟ್ಟನ್ನು ಕಪ್ಪು ಎಪಾಕ್ಸಿಯಲ್ಲಿ ಮುಳುಗಿಸಿ ಗಟ್ಟಿ ಮಾಡಿರುತ್ತಾರೆ. ಅದರೊಳಗಿನ ಐಸಿ ಕೆಟ್ಟರೆ ಬಿಚ್ಚಿ ಸರಿಪಡಿಸುವ ಮಾತಿಲ್ಲ, ಇಡೀ ತುಂಡನ್ನೇ ಬದಲಿಸಬೇಕು. ಹಾಗಾಗಿ ಅದರ ಮೇಲೆ ಗೂಬೆ ಕೂರಿಸುವ ಮುನ್ನ ಬ್ಯಾಟರಿ, ಕ್ಲಿಪ್, ಜಾಕ್, ಪಾಟ್ ಈ ನಾಲ್ಕನ್ನೂ ಮೀಟರ್ ಹಿಡಿದು ನೋಡಿರಬೇಕು.